ಎರಡು ಬದಿಯ ಅಳತೆ

"ತೆಗೀರಿ ಟೀಚರ್, ನೋಡ್ತೀನಿ," ಎಂದಳು ಜಗದಾಂಬಾ. ಶಿವಮೊಗ್ಗದ ವಿದ್ಯಾನಗರದ ಆ ಮನೆಯ ಒಳಕೋಣೆಯಲ್ಲಿ ಶಾಮಲಾ ಟೀಚರ್ ಎದ್ದು ಕಿಟಕಿ ಮುಚ್ಚಿದರು.

ಭದ್ರಾವತಿಯಲ್ಲಿ ಜಗದಾಂಬಾ ಹೊಲಿಯದ ರವಿಕೆಯೇ ಇರಲಿಲ್ಲ. ಕಾರ್ಖಾನೆ ನಿಂತರೂ ಅವಳ ಮಷಿನ್ ನಿಲ್ಲುತ್ತಿರಲಿಲ್ಲ. ಬಸ್ಸಿನಿಂದ ಇಳಿಯುವ ಹೆಂಗಸನ್ನು ಆಚೆ ರಸ್ತೆಯಿಂದಲೇ ನೋಡಿ ಎದೆಯಳತೆ ಹೇಳಿಬಿಡುವಳು, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅಂಥವಳಿಗೆ ತನ್ನದೇ ಎಡ ಮೊಲೆಯೊಳಗೆ ಗಂಟೊಂದು ಬಂದು ಕೂತದ್ದು ಗೊತ್ತಾಗಲಿಲ್ಲ. ಡಾಕ್ಟರು ಎರಡು ದಾರಿ ಹೇಳಿದ್ದರು: ಪೂರ್ತಿ ತೆಗೆಸಿಕೊಳ್ಳುವುದು; ಇಲ್ಲವೇ ಗಡ್ಡೆಯಷ್ಟನ್ನೇ ತೆಗೆಸಿ, ಆಮೇಲೆ ಮಣಿಪಾಲದಲ್ಲಿದ್ದು ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳುವುದು. "ನಿಮ್ಮ ಗಡ್ಡೆ ಚಿಕ್ಕದು. ಯಾವುದಾದ್ರೂ ಆಯುಷ್ಯ ಒಂದೇ. ನಿಮ್ಮಿಷ್ಟ."

ಎರಡು ಬಟ್ಟೆಗೆ ಒಂದೇ ಬಾಳಿಕೆ ಅಂದರೆ ಯಾವುದೋ ಒಂದರಲ್ಲಿ ಮೋಸ ಇರಲೇಬೇಕು ಎಂದುಕೊಂಡ ಜಗದಾಂಬಾ, ಬೀದಿಗೆಲ್ಲ ಸಾರಿಬಿಟ್ಟಳು: "ಪೂರ್ತಿ ಕಿತ್ತು ಬಿಸಾಕಿ ಅಂದಿದೀನಿ! ವಾರದೊಳಗೆ ಮಷಿನ್ ತುಳಿದಿಲ್ಲ ಅಂದ್ರೆ ಕೇಳಿ!" ಬೀದಿ ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಆದರೆ ಅವಳೇ ಕೂತಲ್ಲಿ ಕೂರದಾದಳು. ಪೋಣಿಸಿದ ದಾರ ಕೀಳುವಳು, ಎಡತೋಳನ್ನು ಬಲಕ್ಕೆ ಹೊಲಿಯುವಳು. ಇವತ್ತು ಸಂಜೆ ಡಾಕ್ಟರಿಗೆ ಕೊನೆಯ ಮಾತು ಹೇಳಬೇಕು.

ಶಾಮಲಾ ಟೀಚರಿಗೂ ಪೂರ್ತಿ ತೆಗೆಯುವ ಇದೇ ಆಪರೇಷನ್ ಆಗಿತ್ತೆಂದು ತಿಳಿದದ್ದು ನಿನ್ನೆ. ಭದ್ರಾವತಿಯಲ್ಲಿದ್ದಾಗ ಇದ್ದಕ್ಕಿದ್ದಂತೆ ರವಿಕೆ ಕೊಡುವುದು ನಿಲ್ಲಿಸಿದ್ದರು. ಶಿವಮೊಗ್ಗದ ಯಾವನೋ ಟೈಲರ್ ನನ್ನ ಗಿರಾಕಿಯನ್ನು ಹಾರಿಸಿಕೊಂಡು ಹೋದ ಎಂದು ಜಗದಾಂಬಾ ಊರು ಹಾರಿಹೋಗುವಂತೆ ಬೈದಿದ್ದಳು.

ಟೀಚರ್ ರವಿಕೆಯೊಳಗಿಂದ ಬಟ್ಟೆಯ ಪುಟ್ಟ ಚೀಲ ತೆಗೆದರು. "ಸಾಸಿವೆ. ಮೊದಲು ಹತ್ತಿ ತುಂಬಿದ್ದೆ. ಬೋರ್ಡಿನ ಮೇಲೆ ಬರೆಯೋಕೆ ಕೈಯೆತ್ತಿದ್ರೆ ಕುತ್ತಿಗೆವರೆಗೂ ಏರಿ ಬರ್ತಿತ್ತು ಮಾರಾಯ್ತಿ!"

"ನನ್ನ ಹತ್ರ ಬರೋದಲ್ವಾ ಟೀಚರ್?"

"ನಿನ್ನ ಕಣ್ಣಿಗೇ ಹೆದರಿದ್ದು."

ಜಗದಾಂಬಾ ಟೇಪನ್ನು ಸುಮ್ಮನೆ ಸುತ್ತಿ ಬಿಚ್ಚಿದಳು. "ಈಗ ಹೆಂಗಿದೀರಿ?"

"ಬಟ್ಟೆ ಹಿಂಡಿದ್ರೆ ಕೈ ಊದುತ್ತೆ. ರಾತ್ರಿ ನಿದ್ದೆ ಬರುತ್ತೆ. ಮಣಿಪಾಲಕ್ಕೆ ಹೋಗಿ ಕೂರೋ ಧೈರ್ಯ ನನಗಿರ್ಲಿಲ್ಲ, ಇದೇ ಸರಿಹೋಯ್ತು. ನಿನಗೇನು ಬೇಕು?"

ಜಗದಾಂಬಾ ಟೀಚರ ಎರಡೂ ಬದಿಯನ್ನು ಬೇರೆ ಬೇರೆಯಾಗಿ ಅಳೆದಳು. ಆಮೇಲೆ ಕೊರಳಿನ ಲಿಂಗದ ಕರಡಿಗೆಯನ್ನು ಬದಿಗೆ ಸರಿಸಿ, ತನ್ನ ಎಡಬದಿಯ ಮೇಲೆ ಟೇಪಿಟ್ಟಳು.

"ಇದು ಇರ್ಲಿ ಅನ್ಸುತ್ತೆ ಟೀಚರ್. ಈ ವಯಸ್ಸಲ್ಲಿ ಯಾರಿಗೆ ಹೇಳ್ಲಿ?"

"ಡಾಕ್ಟ್ರಿಗೆ ಹೇಳು. ಸಾಕು."

ಗೇಟಿನ ಬಳಿ ಗಂಡ ಏಕಾಂತಪ್ಪ ಸ್ಕೂಟರ್ ಒದ್ದು ಒದ್ದು ನೆಲವನ್ನೇ ತೂತು ಮಾಡುತ್ತಿದ್ದ. "ಪೂರ್ತಿ ಅಂತ ಹೇಳಿ ಊರು ಸೇರ್ಕೊಳ್ಳಣ ನಡಿಯೇ."

"ಗಡ್ಡೆ ಮಾತ್ರ ಕಣ್ರೀ. ಮಣಿಪಾಲಕ್ಕೆ ಹೋಗ್ತೀನಿ."

"ಬೀದಿಗೆಲ್ಲ ಹೇಳ್ಕೊಂಡ್ ಬಂದ್ಯಲ್ಲೇ?"

"ಬೀದಿ ರವಿಕೆ ನಾನು ಹೊಲಿಯೋದು. ನನ್ನ ರವಿಕೆ ಬೀದಿ ಹೊಲಿಯಲ್ಲ."

ಅವನು ತುಸು ಹೊತ್ತು ಹ್ಯಾಂಡಲ್ ಒರೆಸಿದ. "ಅಷ್ಟು ವಾರ ನಾನೇನು ಉಣ್ಲಿ?"

"ಒಗ್ಗರಣೆ ಹಾಕೋದು ಕಲಿಸ್ಕೊಟ್ಟೇ ಹೋಗ್ತೀನಿ. ಸ್ಕೂಟರ್ ಹತ್ತಿ."

ಡಾಕ್ಟರಿಗೆ ಹೇಳಿ ಹಿಂತಿರುಗುವಾಗ, ಅಳತೆಗೆ ತಂದಿದ್ದ ಟೀಚರ ಚೀಲ ಅವಳ ಮಡಿಲಲ್ಲಿತ್ತು. ಅದನ್ನಿಡಲು ಒಳಜೇಬಿರುವ ರವಿಕೆಯೊಂದನ್ನು ಟೀಚರಿಗೆ ಹೊಲಿದುಕೊಡುವುದಾಗಿ ಒಪ್ಪಿಕೊಂಡಿದ್ದಳು. ಮಲವಗೊಪ್ಪದ ಹತ್ತಿರ ಸ್ಕೂಟರ್ ಗುಂಡಿಗೆ ಬಿದ್ದೆದ್ದಿತು. ಚೀಲದ ಹಳೆಯ ಹೊಲಿಗೆ ಬಿಟ್ಟು ನಾಲ್ಕು ಕಾಳು ಸೀರೆಯ ಮೇಲೆ ಉರುಳಿದವು. ಜಗದಾಂಬಾ ಆ ಬಾಯಿಯನ್ನು ಎರಡು ಬೆರಳಲ್ಲಿ ಹಿಡಿದಳು. ಭದ್ರಾವತಿ ಮುಟ್ಟುವವರೆಗೂ ಬಿಡಲಿಲ್ಲ.