ಸಾವಂತ್ರೆವ್ವ ಕೂಡಿಸಿದ ಕೆಂಪು ಅಂಕಿಗಳು

ಅಣ್ಣಿಗೇರಿಯ ಸ್ಟೇಶನ್ ರಸ್ತೆಯ ತನ್ನ ಮನೆಯ ಮುಂಗೋಣೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಶಿದ್ಲಿಂಗಪ್ಪ, ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಯಾರದೋ ಮಾಳಿಗೆಯ ಮೇಲೆ ಏರಿಯಲ್ ಕಟ್ಟಲು ಹೋಗಿ ಜಾರಿ ಬಿದ್ದ. ಬಲಗೈ ಮುರಿಯಿತು. ಪಟ್ಟಿ ಬಿಚ್ಚಿದ ಮೇಲೂ ಬೆರಳು ಮಡಚಲಾಗಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ ಅವನ ವೋಲ್ಟ್‌ಮೀಟರೂ ಕೈಕೊಟ್ಟಿತು.

ಮಿಲಿಟರಿ ಹರಾಜಿನಲ್ಲಿ ಸಿಕ್ಕ ಹಳೆಯ ಯಂತ್ರ. ಮುಂದುಗಡೆ ಮೂರು ಗಾಜಿನ ಬುರುಡೆ. ಒಳಗೆ ಕಿತ್ತಳೆ ಬಣ್ಣದ ಅಂಕಿ ಬೆಳಗುತ್ತಿದ್ದವು. ಈಗ ನಡುವಿನದು ಕತ್ತಲು. ನಡುವಿನ ಅಂಕಿಯೇ ಇಲ್ಲದಿದ್ದರೆ ಅಳತೆಯನ್ನು ನಂಬುವುದು ಹೇಗೆ?

ಕಸಬು ಕಲಿಸಿದ ಉಸ್ತಾದ ಗುಲಾಮಹುಸೇನರನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದ.

"ಈ ಬುರುಡಿ ಈಗ ಎಲ್ಲೂ ಸಿಗೂದಿಲ್ಲೋ ಶಿದ್ಲಿಂಗಾ. ಮೂರೂ ಕಿತ್ತು ಹಾಕು. ಎಲ್‌ಇಡಿ ಅಂಕಿ ಕೂಡಸು," ಎಂದು ಉಸ್ತಾದರು ತಾವು ಮುಂಬಯಿಯಿಂದ ತರಿಸಿಟ್ಟುಕೊಂಡಿದ್ದ ಕೆಂಪು ಅಂಕಿಗಳನ್ನೂ, ಅವುಗಳನ್ನು ಬೆಳಗಿಸುವ ಚಿಪ್‌ಗಳನ್ನೂ ಅವನ ಜೇಬಿಗೆ ತುರುಕಿದರು. ಚಿಪ್‌ನ ಯಾವ ಲೋಹದ ಕಾಲಿಗೆ ಯಾವ ತಂತಿ ಎಂಬುದನ್ನು ಎರಡೆರಡು ಸಲ ಬಿಡಿಸಿ ಹೇಳಿದರು.

ಮನೆಗೆ ಬಂದು ಎಡಗೈಯಲ್ಲಿ ಬೆಸುಗೆ ಕಡ್ಡಿ ಹಿಡಿದ. ಕಡ್ಡಿ ಬೇಕಾದಲ್ಲಿ ತಾಗಲೇ ಇಲ್ಲ. ತಲೆ ತಗ್ಗಿಸಿ ಕುಳಿತುಬಿಟ್ಟ. ಒಲೆಯ ಮುಂದಿನಿಂದ ಹೆಂಡತಿ ಸಾವಂತ್ರೆವ್ವ ಎದ್ದು ಬಂದಳು.

"ಹೆಂಗ ಅಂತ ಹೇಳ್ರಿ. ನಾ ಹಚ್ಚತೀನಿ."

"ರೊಟ್ಟಿ ಬಡದಂಗ ಅಂತ ತಿಳಿದೀ ಏನಬೇ ಇದನ್ನ?"

"ರೊಟ್ಟೀನೂ ಹುಟ್ಟಾ ಕಲತು ಬಂದಿರಲಿಲ್ಲರಿ."

ಅವನು ಮೀಟರಿನ ಕರೆಂಟು ವೈರು ಕಿತ್ತಿಟ್ಟು, ಜಾಗ ಬಿಟ್ಟುಕೊಟ್ಟು, ಉಸ್ತಾದರು ಹೇಳಿದ್ದನ್ನು ಒಂದೊಂದಾಗಿ ಹೇಳಿಕೊಟ್ಟ. ಮೊದಲ ಬೆಸುಗೆ ಗಡ್ಡೆಗಟ್ಟಿತು. ಎರಡನೆಯದೂ ಅಷ್ಟೇ. ಅವಳು ಬೇಸರಪಡಲಿಲ್ಲ, ಕೆರೆದು ತೆಗೆದು ಮತ್ತೆ ಹಚ್ಚಿದಳು. ಬೇಯುವ ಸಾರು ಇಳಿಸಲು ಎದ್ದು, ಮತ್ತೆ ಬಂದು ಕೂತಳು. ಹೊತ್ತು ಇಳಿಯುವಷ್ಟರಲ್ಲಿ ಕೊನೆಯ ತಂತಿಯೂ ಕೂಡಿತು.

ಶಿದ್ಲಿಂಗಪ್ಪ ವೈರು ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿ, ಬ್ಯಾಟರಿಯ ಒಂದೂವರೆ ವೋಲ್ಟಿನ ಹೊಸ ಸೆಲ್ಲಿಗೆ ತಂತಿ ಮುಟ್ಟಿಸಿದ. ಒಂದು ಬಂತು, ಚುಕ್ಕಿ ಬಂತು, ಕೊನೆಯ ಸೊನ್ನೆಯೂ ಬಂತು. ನಡುವಿನ ಐದರ ಕೆಳಗಿನ ಗೆರೆ ಮಾತ್ರ ಬರಲಿಲ್ಲ.

"ತಡೀರಿ, ಅಲ್ಲೊಂದು ಕಾಲು ಹಿಡದಿಲ್ಲ," ಎಂದಳು. ಅವನು ಮತ್ತೆ ವೈರು ಕಿತ್ತ. ಅವಳು ಕಡ್ಡಿ ತಾಗಿಸಿದಳು. ವೈರು ಹಾಕಿದಾಗ ಈ ಸಲ ಐದು ತುಂಬಿ ಬೆಳಗಿತು. ಅವಳ ಮುಖದ ಮೇಲೂ ಕೆಂಪು ಬಿತ್ತು.

ಏನಾದರೂ ಹೇಳಬೇಕೆನಿಸಿತು ಅವನಿಗೆ. ಹೆಂಡತಿಗೆ ಉಪಕಾರವಾಯಿತೆಂದು ಹೇಳುವ ಮಾತು ಅವನ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಎದ್ದು ಹೋಗಿ ಎಡಗೈಯಿಂದಲೇ ಚಹಾ ಕಾಸಿದ. ಅರ್ಧ ಚೆಲ್ಲಿತು. ಉಳಿದದ್ದನ್ನು ತಂದು ಅವಳ ಮುಂದಿಟ್ಟ. ಸಕ್ಕರೆ ಹಾಕುವುದನ್ನೇ ಮರೆತಿದ್ದ. ಅವಳು ಲೋಟ ಖಾಲಿಯಾಗುವವರೆಗೂ ಕುಡಿದಳು.

ಮರುದಿನ ರೇಡಿಯೋ ಹಿಡಿದು ಬಂದ ಧಾನ್ಯದ ವ್ಯಾಪಾರಿ ಶಂಕ್ರಪ್ಪ ಮೀಟರು ನೋಡಿ ಬೆರಗಾದ. "ಹೊಸಾ ಮಶೀನ್ ಏನ್ರೀ?"

"ಇಲ್ರೀ, ಹಳೇದ. ಅಂಕಿ ಕೊಟ್ಟಾವರು ನಮ್ಮ ಉಸ್ತಾದರು, ಕೂಡಿಸಿದಾಕಿ ನಮ್ಮ ಸಾವಂತ್ರಿ," ಎಂದ ಶಿದ್ಲಿಂಗಪ್ಪ, ಒಳಗೂ ಕೇಳಿಸುವಂತೆ. ಆಮೇಲೆ ತನ್ನ ಕುರ್ಚಿಯನ್ನು ಬಾಜು ಸರಿಸಿ, ಮೇಜಿನ ಮುಂದೆ ಅವಳಿಗೊಂದು ಕುರ್ಚಿ ಹಾಕಿದ.