ಸಂಬಂಧಕ್ಕೆ ತೆಗೆಸಿದ ಫೋಟೋ

ಕಾಯಿಲೆಗೆ ಮುಂಚಿನ, ಪೂರ್ತಿ ನಿಂತಿರುವ ಫೋಟೋ ಒಂದು ಬೇಕು ಎಂದು ಡಾಕ್ಟರ್ ವಾರಿಜಾ ಕೇಳಿದ್ದರು. ನಾರಾಯಣಮ್ಮನ ಕೈ ತಾನಾಗಿಯೇ ಮಗಳು ಅರ್ಪಿತಳಿಗೆ ಸಂಬಂಧ ನೋಡಲು ತೆಗೆಸಿದ್ದ ಫೋಟೋದ ಮೇಲೆ ಹೋಯಿತು. ನೇರಳೆ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ನೆಂಟರಿಗಾಗಲಿ ಬ್ರೋಕರ್‌ಗಾಗಲಿ ಅದನ್ನೇ ಕೊಟ್ಟು ರೂಢಿ.

2006ರ ಮಾತು. ಜಯನಗರದ ಆ ಖಾಸಗಿ ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯೊಂದನ್ನು ಪ್ರಯೋಗಿಸಿ ನೋಡುತ್ತಿದ್ದರು. ಹೆಲ್ಮೆಟ್ಟಿನಂಥ ಕನ್ನಡಕ ತೊಟ್ಟರೆ ಕಣ್ಣೆದುರು ಕಂಪ್ಯೂಟರ್ ಕಟ್ಟಿದ ಕೋಣೆ, ಅದರೊಳಗೆ ರೋಗಿಯದೇ ಅಳತೆಯ ಆಕೃತಿ. ಅನೊರೆಕ್ಸಿಯಾ ಬಂದವರು ಊಟ ಬಿಟ್ಟು ಮೂಳೆಚಕ್ಕಳವಾದರೂ ತಾವು ದಪ್ಪ ಎಂದೇ ನಂಬುತ್ತಾರೆ. ಆರೋಗ್ಯವಾಗಿದ್ದ ದಿನಗಳ ಮೈಯನ್ನು ಎದುರು ನಿಲ್ಲಿಸಿ, ಅದರ ಭಯ ಬಿಡಿಸುವುದು ಉದ್ದೇಶ. ಅರ್ಪಿತಳ ತೂಕ ಮೂವತ್ತನಾಲ್ಕು ಕಿಲೋಗೆ ಇಳಿದಿತ್ತು.

ಆಕೃತಿ ತೋರಿಸುವ ಮೊದಲ ದಿನ ಕನ್ನಡಕದ ಭಾರಕ್ಕೆ ಅರ್ಪಿತಳ ಕತ್ತು ಸ್ವಲ್ಪ ಬಾಗಿತ್ತು. ಅವಳಿಗೆ ಒಳಗೆ ಕಾಣುವುದೆಲ್ಲ ಮೇಜಿನ ಮಾನಿಟರ್‌ನಲ್ಲಿ ನಾರಾಯಣಮ್ಮನಿಗೂ ಕಾಣುತ್ತಿತ್ತು.

"ಇದು ಎರಡು ವರ್ಷದ ಹಿಂದಿನ ನೀವು," ಎಂದರು ವಾರಿಜಾ.

"ನಾನಲ್ಲ ಮೇಡಂ. ಆಗ ನಾನು ಇಷ್ಟು ಸಣ್ಣ ಇರ್ಲೇ ಇಲ್ಲ."

"ಫೋಟೋದಿಂದಲೇ ಅಳತೆ ತಗೊಂಡಿದ್ದೀವಿ. ನಿಮಗೆ ಹಾಗೆ ಅನ್ನಿಸೋದು ಸಹಜ. ಅದು ಕಾಯಿಲೆ ಆಡಿಸೋ ಮಾತು."

"ಕಾಯಿಲೆ ಅಲ್ಲ ಮೇಡಂ!" ಅರ್ಪಿತ ಗೋಡೆಯತ್ತ ತಿರುಗಿ ಕೂಗಿದಳು. ಅಮ್ಮ ಎಲ್ಲಿ ಕೂತಿದ್ದಾಳೆಂದು ಅವಳಿಗೆ ಕಾಣುತ್ತಿರಲಿಲ್ಲ. "ಅಮ್ಮಾ, ಇದ್ದೀಯಾ? ನೀನಾದ್ರೂ ಹೇಳು."

ನಾರಾಯಣಮ್ಮ ಮಾನಿಟರ್‌ನಲ್ಲಿದ್ದ ಸೊಂಟವನ್ನೇ ನೋಡಿದರು. ಅಂದು ಹುಳಿಮಾವು ಬಡಾವಣೆಯ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತವನ ಪಕ್ಕ ನಿಂತು, "ಸೊಂಟ ಒಂಚೂರು ಒಳಗೆ ಹಾಕಪ್ಪ, ತೋಳೂ ಇಳಿಸು," ಎಂದವರು ಅವರೇ. ಬನಶಂಕರಿಯ ಗಂಡಿನ ಕಡೆಯವರು ಆ ಫೋಟೋ ಒಪ್ಪಿಕೊಂಡು ಹೆಣ್ಣು ನೋಡಲು ಬಂದರು. ಕೇಸರಿಬಾತ್ ತಿಂದು ಕೈ ತೊಳೆಯುತ್ತ, "ಫೋಟೋದಲ್ಲಿ ಇಷ್ಟು ದಪ್ಪ ಕಾಣ್ಲಿಲ್ಲ," ಎಂದಳು ಗಂಡಿನ ಸೋದರತ್ತೆ. ಮಗಳನ್ನು ಹಾಳುಮಾಡಿದವಳು ಆ ಹೆಂಗಸೇ ಎಂದು ನಾರಾಯಣಮ್ಮ ಎರಡು ವರ್ಷದಿಂದ ಬೈಯುತ್ತಲೇ ಬಂದಿದ್ದರು. ಆದರೆ ಅರ್ಪಿತ ಅನ್ನ ಬಿಟ್ಟು ಇಳಿಯತೊಡಗಿದಾಗ, ಸಡಿಲವಾದ ಕುಪ್ಪಸಕ್ಕೆ ಹೊಲಿಗೆ ಹಾಕಿ ಬಿಗಿ ಮಾಡುತ್ತ, "ಈಗ ನೋಡು, ಫೋಟೋ ತರಾನೇ ಆಗ್ತಿದ್ದೀಯ," ಎಂದು ಹಿಗ್ಗಿದ್ದು ಯಾರು?

"ಅಮ್ಮಾ?"

ಸುಮ್ಮನಿದ್ದರೆ ಮಗಳು ಹೇಳಿದ ನಿಜವೂ ಕಾಯಿಲೆಯ ಮಾತೇ ಆಗಿಬಿಡುತ್ತಿತ್ತು.

"ಅವಳು ಹೇಳ್ತಿರೋದು ಸರಿ ಮೇಡಂ," ಎಂದರು ನಾರಾಯಣಮ್ಮ. "ಆ ಫೋಟೋನ ನಾನೇ ಸಣ್ಣ ಮಾಡ್ಸಿದ್ದು. ಕೊಡುವಾಗ ಅದು ಹೊಳೀಲೇ ಇಲ್ಲ. ನಂಗೆ ಅದೇ ಅರ್ಪಿತ ಆಗ್ಬಿಟ್ಟಿದೆ."

ವಾರಿಜಾ ಅರ್ಪಿತಳತ್ತ ತಿರುಗಿದರು. "ಸಾರಿ ಅರ್ಪಿತಾ, ನೀವು ಹೇಳಿದ್ದೇ ಸರಿ. ಈ ಸಣ್ಣ ಮೈನೇ ಗುರಿ ಅಂತ ನಾನು ನಿಮಗೆ ಕಲಿಸೋದ್ರಲ್ಲಿದ್ದೆ."

ಅರ್ಪಿತ ಕನ್ನಡಕ ತೆಗೆಯಲಿಲ್ಲ.

ವಾರಿಜಾ ಕೀಬೋರ್ಡನ್ನು ನಾರಾಯಣಮ್ಮನ ಮುಂದೆ ಸರಿಸಿದರು. "ನೀವೇ ಸರಿ ಮಾಡಿ. ಈ ಬಾಣದ ಗುರುತು ಒತ್ತಿದ್ರೆ ಮೈ ತುಂಬ್ಕೊಳ್ಳುತ್ತೆ. ಮಗಳು ಹೇಗಿದ್ಲು ಅಂತ ನಿಮಗೆ ಗೊತ್ತಲ್ಲ."

ಗೊತ್ತಿತ್ತೇ? ನಾರಾಯಣಮ್ಮ ಒತ್ತಿದರು. ತೋಳು ಚೂರು ತುಂಬಿತು, ಕೆನ್ನೆ ಚೂರು. ಕೈ ನಿಂತಿತು.

"ಅಲ್ಲಿ ಯಾಕೆ ನಿಲ್ಲಿಸ್ದೆ?" ಎಂದಳು ಅರ್ಪಿತ. "ಯಾರಾದ್ರೂ ನೋಡೋಕೆ ಬರ್ತಿದ್ದಾರಾ?"

ನಾರಾಯಣಮ್ಮ ಮತ್ತೆ ಒತ್ತಿದರು.

"ಇನ್ನೂ."

ಒತ್ತಿದರು. ಸೊಂಟ ಅಗಲವಾಯಿತು, ಹೊಟ್ಟೆ ಮುಂದೆ ಬಂತು. ಅರ್ಪಿತಳ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು.

"ಸಾಕು," ಎಂದಳು. "ಇದು ನಾನು. ನೋಡೋಕೆ ಭಯ ಆಗ್ತಿದೆ ಮೇಡಂ. ಆದ್ರೆ ನಾನೇ."

"ಭಯ ಆಗ್ಲಿ. ಇಲ್ಲಿಂದಲೇ ಶುರು ಮಾಡೋಣ," ಎಂದರು ವಾರಿಜಾ.

ಮಾನಿಟರ್‌ನಲ್ಲಿ ನಿಂತ ದುಂಡು ಹುಡುಗಿಯನ್ನು ನಾರಾಯಣಮ್ಮ ನೋಡಿದರು. ಒಂದು ಚೂರು ಜಾಸ್ತಿಯಾಯಿತೇನೋ ಎಂದು ಆಗಲೂ ಅವರಿಗೆ ಅನ್ನಿಸಿತು. ಥಟ್ಟನೆ ಕೀಬೋರ್ಡ್‌ನಿಂದ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು.