ಎಡಕ್ಕೆ ಕೂತ ಪಾರಿವಾಳ, ಬಲಕ್ಕೆ ಚಿಮ್ಮಿದ ನೀರು

ಹದಿನಾರು ವರ್ಷಗಳ ಹಿಂದೆ, ನಿವೃತ್ತನಾದ ಮರುವರ್ಷ, ಯಾರ ನೆರವೂ ಇಲ್ಲದೆ ನಾನೊಂದು ಯಂತ್ರವನ್ನು ಕಟ್ಟಿದೆ. ಗುರಿಯನ್ನು ತಾನೇ ಹುಡುಕಿ, ಅತ್ತ ಕತ್ತು ಹೊರಳಿಸಿ, ನೀರು ಚಿಮ್ಮಿಸುವ ಪುಟ್ಟ ಫಿರಂಗಿ ಅದು. ಮೂವತ್ತನಾಲ್ಕು ವರ್ಷ ಸರ್ವೆಯರನಾಗಿ ಬೆಟ್ಟ ಬಯಲುಗಳನ್ನು ಅಳೆದದ್ದಕ್ಕೆ ದೊರೆತ ಪ್ರಶಸ್ತಿಪತ್ರಗಳು ಈಗ ಯಾವ ಪೆಟ್ಟಿಗೆಯಲ್ಲಿವೆಯೋ ತಿಳಿಯದು. ಈ ಫಿರಂಗಿಯ ವೃತ್ತಾಂತವನ್ನು ಮಾತ್ರ ಕೇಳಿದವರಿಗೂ ಕೇಳದವರಿಗೂ ಹೇಳುತ್ತಲೇ ಬಂದಿದ್ದೇನೆ.

ತಾರಸಿಯ ಮೇಲೆ ನನ್ನದೊಂದು ಕೋಣೆಯಿತ್ತು. ಹಳೆಯ ನಕ್ಷೆಗಳು, ಮೂರು ಕಾಲಿನ ಸ್ಟ್ಯಾಂಡು, ಎಲ್ಲೆಲ್ಲಿಂದಲೋ ಬಿಚ್ಚಿ ತಂದ ಮೋಟಾರುಗಳು, ವೈರಿನ ಸುರುಳಿಗಳು. ಇಡೀ ಮನೆಯಲ್ಲಿ ನನ್ನ ಮಾತು ನಡೆಯುತ್ತಿದ್ದುದು ಆ ಹತ್ತಡಿ ಜಾಗದಲ್ಲಿ ಮಾತ್ರ. ಕೋಣೆಯ ಬಾಗಿಲಾಚೆ ನನ್ನ ಹೆಂಡತಿಯ ಟೊಮೇಟೊ ಕುಂಡಗಳು ಸಾಲಾಗಿ ನಿಂತಿದ್ದವು. ಪಾರಿವಾಳಗಳು ದಿನವೂ ಬಂದು ಎಳೆಯ ಸಸಿಗಳನ್ನು ಕಿತ್ತು ಹಾಕುತ್ತಿದ್ದವು.

"ನನ್ನ ತಮ್ಮ ಬಲೆ ಕಟ್ಕೊಡ್ತಾನಂತೆ, ಒಂದು ಗಂಟೆ ಕೆಲಸ," ಎಂದಳು ಹೆಂಡತಿ.

"ಬಲೆ ಯಾಕೆ? ನಾನೊಂದು ಯಂತ್ರ ಮಾಡ್ತೀನಿ."

"ಮಾಡಿ. ಮುಂದಿನ ಭಾನುವಾರ ಹೊತ್ತು ಮುಳುಗೋದ್ರೊಳಗೆ ಅದು ಒಂದೇ ಒಂದು ಪಾರಿವಾಳ ಓಡಿಸಲಿ, ಸಾಕು. ಓಡಿಸ್ಲಿಲ್ಲ ಅಂದ್ರೆ ಬಲೆ ಕಟ್ಟಿಸ್ತೀನಿ, ಕೋಣೇಲಿ ನನ್ನ ಕುಂಡ ಇಡ್ತೀನಿ. ನಿಮ್ಮ ಗುಜರಿ ಗುಜರಿಯವನಿಗೆ."

ನನ್ನ ಸಾಮ್ರಾಜ್ಯಕ್ಕೆ ಎಂಟು ದಿನಗಳ ಗಡುವು ಬಿತ್ತು.

ಒಂದು ಕಂಬಕ್ಕೆ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಎರಡು ಸರ್ವೋ ಮೋಟಾರುಗಳನ್ನು ಜೋಡಿಸಿದೆ. ಮೇಲಿನದು ಸೆನ್ಸರನ್ನು ಅತ್ತಿತ್ತ ತಿರುಗಿಸುತ್ತ, ಆರಡಿಯೊಳಗೆ ಏನಾದರೂ ಬಂತೇ ಎಂದು ನೋಡುತ್ತಿತ್ತು. ಕೆಳಗಿನದು ನೀರಿನ ನಳಿಕೆಯನ್ನು ಹೊತ್ತಿತ್ತು. ಎರಡರ ನಡುವಿನ ಮಧ್ಯಸ್ಥ ಬೆಂಕಿಪೊಟ್ಟಣದಷ್ಟಿದ್ದ ಒಂದು ಮೈಕ್ರೋಕಂಟ್ರೋಲರ್. ಸೆನ್ಸರು ಯಾವ ಕೋನದಲ್ಲಿ ಹಕ್ಕಿಯನ್ನು ಕಂಡಿತೋ ಅದೇ ಕೋನಕ್ಕೆ ನಳಿಕೆಯನ್ನು ತಿರುಗಿಸು ಎಂದು ಅದರ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು.

ಆದರೆ ಆ ಮೋಟಾರುಗಳು ಕೋನವನ್ನು ಬಲದಿಂದ ಎಡಕ್ಕೆ ಎಣಿಸುತ್ತಿದ್ದವು. ಸರ್ವೆಯರನು ಎಣಿಸುವುದು ಎಡದಿಂದ ಬಲಕ್ಕೆ, ಗಡಿಯಾರದ ಮುಳ್ಳಿನ ಹಾಗೆ. ನನ್ನ ಕೈಕೆಳಗೆ ದುಡಿಯುವ ಯಂತ್ರವೊಂದು ಅಡ್ಡದಾರಿಯಲ್ಲಿ ಎಣಿಸುವುದೆಂದರೇನು? ಸೆನ್ಸರು ಒಪ್ಪಿಸಿದ ಪ್ರತಿಯೊಂದು ಅಂಕಿಯನ್ನೂ ನೂರೆಂಬತ್ತರಿಂದ ಕಳೆದು, ಸಭ್ಯವಾದ ಸರ್ವೆ ಅಂಕಿಯಾಗಿ ತಿದ್ದಿ, ಅನಂತರವೇ ನಳಿಕೆಗೆ ದಯಪಾಲಿಸುವಂತೆ ಬರೆದೆ. ನಳಿಕೆಯ ಮೋಟಾರೂ ಸೆನ್ಸರಿನ ಮೋಟಾರು ಓದಿದ ಶಾಲೆಯಲ್ಲೇ ಓದಿತ್ತೆಂಬುದು ನನಗೆ ಹೊಳೆಯಲಿಲ್ಲ.

ಪರೀಕ್ಷೆಯನ್ನು ಶಾಸ್ತ್ರೋಕ್ತವಾಗಿ ನಡೆಸಿದೆ. ಫಿರಂಗಿಯ ಎದುರು ನಟ್ಟನಡುವೆ, ದಾರ ಹಿಡಿದು ಅಳೆದು, ಒಂದು ಡಬ್ಬವನ್ನು ಇಟ್ಟೆ. ಇಪ್ಪತ್ತು ಸಲ ಇಟ್ಟೆ; ಇಪ್ಪತ್ತು ಸಲವೂ ಡಬ್ಬ ಒದ್ದೆಯಾಯಿತು. ನಡುವಿನ ತೊಂಬತ್ತನ್ನು ನೂರೆಂಬತ್ತರಿಂದ ಕಳೆದರೂ ಉಳಿಯುವುದು ತೊಂಬತ್ತೇ ಎಂಬುದು ಮೂರನೆಯ ತರಗತಿಯ ಲೆಕ್ಕ. ನಾನು ಆ ತರಗತಿಯನ್ನು ದಾಟಿ ಬಹಳ ದೂರ ಬಂದುಬಿಟ್ಟಿದ್ದೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಭಾವಮೈದುನ ಬಲೆಯ ಗಂಟನ್ನು ಹೊತ್ತು ಮೆಟ್ಟಿಲು ಹತ್ತಿ ಬಂದ. ಅಲ್ಲಿಂದ ಯಾವುದೋ ಔತಣಕ್ಕೆ ಹೋಗುವವನಾದ್ದರಿಂದ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟಿದ್ದ.

"ಭಾವ, ಇದನ್ನ ಎಲ್ಲಿ ಇಳಿಸ್ಲಿ?"

"ಇಳಿಸ್ಬೇಡ. ಹಾಗೇ ವಾಪಸ್ ಹೊತ್ಕೊಂಡು ಹೋಗೋದಿದೆ."

ಅವನು ನಗುತ್ತ ಬಲಗಡೆಯ ಗೋಡೆಗೆ, ಎಂಟಡಿ ದೂರದಲ್ಲಿ, ಒರಗಿ ನಿಂತ. ಎಡತುದಿಯ ಕುಂಡಕ್ಕೆ ಪಾರಿವಾಳವೊಂದು ಬಂದಿಳಿಯಿತು. ಸೆನ್ಸರು ಅದನ್ನು ಕಂಡಿತು. ನಳಿಕೆ ಗಂಭೀರವಾಗಿ ಬಲಕ್ಕೆ ಹೊರಳಿ, ಬಿಳಿ ಶರಟಿನ ಎರಡನೆಯ ಗುಂಡಿಗೆ ಗುರಿಯಿಟ್ಟು ನೀರು ಬಿಟ್ಟಿತು. ಪಾರಿವಾಳ ಒಂದು ಸಸಿಯನ್ನು ಕಿತ್ತು, ನಮ್ಮನ್ನೊಮ್ಮೆ ನೋಡಿ, ಇನ್ನೊಂದಕ್ಕೆ ಬಾಯಿ ಹಾಕಿತು.

"ಏನ್ ಭಾವ, ನಾನು ನಿಮ್ಮ ಕಣ್ಣಿಗೆ ಪಾರಿವಾಳದ ಥರ ಕಾಣ್ತೀನಾ?"

"ನೀನು ಅಲ್ಲಾಡಿದ್ದಕ್ಕೇ ಹಾಗಾಯ್ತು," ಎಂದೆ. ಅವನು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಹೆಂಡತಿ ಫಿರಂಗಿಯ ಎಡಕ್ಕೆ ನಡೆದಳು. ನೀರು ಬಲಕ್ಕೆ ಹಾರಿತು. ಬಲಕ್ಕೆ ಬಂದಳು, ಎಡಕ್ಕೆ ಹಾರಿತು. ಅವಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ರೀ, ಇದು ಕನ್ನಡಿ ಆಟ ಆಡ್ತಿದೆ. ನಾನು ಅತ್ತ ಅಂದ್ರೆ ಇದು ಇತ್ತ ಅನ್ನುತ್ತೆ. ಥೇಟ್ ನಿಮ್ಮ ಹಾಗೇ."

ಆ ಕ್ಷಣವೇ ನನಗೆ ಎಲ್ಲವೂ ತಿಳಿಯಿತು. ಒಂದು ಸಾಲನ್ನು ಅಳಿಸಿದರೆ ಸಾಕಿತ್ತು. ಆದರೆ ಶರಟು ಹಿಂಡುತ್ತ ನಿಂತ ಭಾವಮೈದುನನ ಎದುರು ಮೂವತ್ತನಾಲ್ಕು ವರ್ಷದ ಎಣಿಕೆಯನ್ನು ಅಳಿಸುವುದೆ? ಕೋಣೆ ಹೋದರೂ ಚಿಂತೆಯಿಲ್ಲ ಎಂದುಕೊಂಡೆ. ಮರುಗಳಿಗೆಯಲ್ಲೇ ಕೋಣೆಯ ಚಿಂತೆ ಹತ್ತಿತು. ನಳಿಕೆಯ ಮೋಟಾರನ್ನು ಬಿಚ್ಚಿ ತಲೆಕೆಳಗಾಗಿ ತೂಗುಹಾಕಿದೆ. ತಲೆಕೆಳಗಾದ ಮೋಟಾರು ನಮ್ಮ ಇಲಾಖೆಯ ಪದ್ಧತಿಯಂತೆ ಎಣಿಸಲೇಬೇಕಾಯಿತು.

ಒಂದು ತೊಡಕು ಮಾತ್ರ ಉಳಿಯಿತು. ತಲೆಕೆಳಗಾದ ಪೈಪಿನ ಸಂದಿಯಿಂದ ನೀರು ತೊಟ್ಟಿಕ್ಕಿ ನೇರವಾಗಿ ಮೈಕ್ರೋಕಂಟ್ರೋಲರಿನ ನೆತ್ತಿಯ ಮೇಲೆ ಬೀಳುತ್ತಿತ್ತು. ಬೇರೆ ದಾರಿ ಕಾಣದೆ, ಅಡುಗೆಮನೆಯಿಂದ ಊಟದ ತಟ್ಟೆಯೊಂದನ್ನು ತಂದು, ಕಂಬದ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಹನಿಗಳಿಗೆ ಅಡ್ಡ ಹಿಡಿದೆ. ತಾನಾಗಿಯೇ ನಡೆಯುವ ಯಂತ್ರಕ್ಕೆ ಹೀಗೆ ಒಬ್ಬ ಕಾಯಂ ಆಳು ನೇಮಕವಾದ.

ಹೊತ್ತು ಮುಳುಗಲು ಗೇಣಿರುವಾಗ ಪಾರಿವಾಳ ಮರಳಿ ಎಡತುದಿಗೆ ಬಂತು. ನಳಿಕೆ ಎಡಕ್ಕೆ ತಿರುಗಿತು. ಹಕ್ಕಿ ಪಟಪಟನೆ ಹಾರಿಹೋಯಿತು. ಅದರ ಜೊತೆಗೆ ನೀರಿನ ರಭಸಕ್ಕೆ ಎರಡು ಸಸಿಗಳು ಬುಡಸಮೇತ ಹಾರಿದವು.

"ಅಕ್ಕ, ಇದು ಲೆಕ್ಕಕ್ಕಿಲ್ಲ! ತಟ್ಟೆ ಹಿಡ್ಕೊಂಡು ಕೂತಿರೋರು ಭಾವ," ಎಂದು ಭಾವಮೈದುನ ಕೂಗಿದ.

ಅವಳು ನನ್ನ ಮಂಡಿಯನ್ನೂ ತಟ್ಟೆಯನ್ನೂ ನೋಡಿದಳು. "ಪಾರಿವಾಳ ಓಡ್ತು ತಾನೇ? ಮಾತು ಅಂದ್ರೆ ಮಾತು. ಕೋಣೆ ನಿಮ್ಮದೇ ರೀ. ಆದ್ರೆ ಇಲ್ಲಿಂದ ಏಳೋ ಹಾಗಿಲ್ಲ."

ಮೂರು ದಿನ ಕೂತೆ. ನಾಲ್ಕನೆಯ ದಿನ ಮಂಡಿ ಮಡಚದಾದಾಗ ನಾನೇ ಭಾವಮೈದುನನಿಗೆ ಫೋನು ಮಾಡಿ, "ಆ ಬಲೆ ಇನ್ನೂ ಇದೆಯೇನಪ್ಪಾ?" ಎಂದು ಕೇಳಿದೆ. ನಲವತ್ತು ನಿಮಿಷದಲ್ಲಿ ಕಟ್ಟಿ ಮುಗಿಸಿದ.

ನಿನ್ನೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ, ವಿಜ್ಞಾನದ ಬಗ್ಗೆ ನಾಲ್ಕು ಹಿತವಚನ ನುಡಿಯೋಣವೆಂದು ಗಂಟಲು ಸರಿಮಾಡಿಕೊಂಡೆ.

"ಅದು ಬೇಡ ಅಜ್ಜ," ಎಂದು ಅವಳು ನನ್ನ ಬಾಯಿ ಮುಚ್ಚಿದಳು. "ಮೊದಲಿಂದ ಇನ್ನೊಂದ್ಸಲ ಹೇಳಿ. ತಾಳಿ, ಅಜ್ಜೀನೂ ಕರ್ಕೊಂಡು ಬರ್ತೀನಿ. ನೀವು ಬಿಟ್ಟಿದ್ದನ್ನ ಅವರು ಹೇಳ್ತಾರೆ."